ಒಬ್ಬರೇ ಟ್ರೇಲರ್ ಜೋಡಿಸುವುದು ಹೇಗೆ? ಹಿಂದೆ ಮಕ್ಕಳನ್ನು ನಿಲ್ಲಿಸುವ ಅಗತ್ಯವಿಲ್ಲ

ಹೊಸೂರು, ತಳಿ, ಕೆಲಮಂಗಲ, ಡೆಂಕಣಿಕೋಟೆ, ಬಾಗಲೂರು, ಶೂಲಗಿರಿ ಸೀಮೆಯ ಕನ್ನಡ ಕುಟುಂಬಗಳಲ್ಲಿ ಬೇಸಾಯವೇ ಇಂದಿಗೂ ಮುಖ್ಯ ಜೀವನಾಧಾರ. ರಾಗಿಯ ಕೊಯ್ಲು ಮುಗಿದೊಡನೆ ತೆನೆಯನ್ನೂ ಹುಲ್ಲನ್ನೂ ಕಣಕ್ಕೆ ಸಾಗಿಸಬೇಕು. ಬೇಸಿಗೆಯಲ್ಲಿ ತಿಪ್ಪೆಗೊಬ್ಬರವನ್ನು ಹೊಲಕ್ಕೆ ಹೊರಬೇಕು. ಮಾವಿನ ಕಾಲದಲ್ಲಿ ತೋಟದಿಂದ ಮಂಡಿಗೆ, ಟೊಮೇಟೊ ಕಾಲದಲ್ಲಿ ರಾಯಕೋಟೆಯ ಮಾರುಕಟ್ಟೆಗೆ ಸರಕು ಮುಟ್ಟಿಸಬೇಕು. ಹಿಂದೆ ಎತ್ತಿನ ಗಾಡಿ ಮಾಡುತ್ತಿದ್ದ ಈ ಕೆಲಸಗಳನ್ನೆಲ್ಲ ಈಗ ಟ್ರ್ಯಾಕ್ಟರ್ ಮತ್ತು ಅದರ ಹಿಂದಿನ ಟ್ರೇಲರ್ ಮಾಡುತ್ತಿವೆ. ಆದರೆ ಟ್ರ್ಯಾಕ್ಟರನ್ನು ಹಿಂದಕ್ಕೆ ತಂದು ಟ್ರೇಲರ್‌ಗೆ ಜೋಡಿಸುವ ಹೊತ್ತಿಗೆ ಬಹುತೇಕ ಮನೆಗಳಲ್ಲಿ ಒಂದು ಕೂಗು ಕೇಳಿಬರುತ್ತದೆ: "ಬಾರೋ ಮಗಾ, ಹಿಂದೆ ನಿಂತ್ಕೊಂಡು ಸ್ವಲ್ಪ ಹೇಳು."

ಈ ಕೂಗಿಗೆ ಓಡಿ ಬರುವವನು ಸಾಮಾನ್ಯವಾಗಿ ಶಾಲೆಗೆ ಹೋಗುವ ಹುಡುಗ. ರಾಗಿ ಸಾಗಿಸುವ ಕಾಲವೂ ಅರ್ಧವಾರ್ಷಿಕ ಪರೀಕ್ಷೆಯ ಕಾಲವೂ ನಮ್ಮಲ್ಲಿ ಒಂದೇ ಆಗಿರುವುದರಿಂದ ಓದಿಗೆ ತೊಂದರೆಯಾಗುತ್ತದೆ ಎಂಬುದು ಒಂದು ಮಾತು. ಅದಕ್ಕಿಂತ ದೊಡ್ಡ ಮಾತೆಂದರೆ, ಆ ಹುಡುಗ ನಿಲ್ಲುವ ಜಾಗವು ಇಡೀ ಕೆಲಸದಲ್ಲೇ ಅತ್ಯಂತ ಅಪಾಯದ ಜಾಗ. ಟ್ರೇಲರ್ ಜೋಡಿಸಲು ನಿಜವಾಗಿ ಎರಡನೆಯ ವ್ಯಕ್ತಿಯೇ ಬೇಕಾಗಿಲ್ಲ. ಸ್ವಲ್ಪ ಸುಣ್ಣದ ಪುಡಿ, ಎರಡು ಕೋಲು, ನಾಲ್ಕು ಗಟ್ಟಿ ಮರದ ತುಂಡುಗಳಿದ್ದರೆ ಸಾಕು. ಒಬ್ಬರೇ ನಿರಾತಂಕವಾಗಿ ಈ ಕೆಲಸವನ್ನು ಮುಗಿಸಬಹುದು. ಅದರ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ನಡುವೆ ನಿಂತವರಿಗಿರುವ ಕಾಲಾವಕಾಶ

ಟ್ರ್ಯಾಕ್ಟರ್ ನಿಧಾನವಾಗಿ ಬರುತ್ತದೆ, ಅಷ್ಟರಲ್ಲಿ ಸರಿದುಕೊಳ್ಳಬಹುದು ಎಂದು ಅನೇಕರು ನಂಬಿದ್ದಾರೆ. ಲೆಕ್ಕ ಹಾಕಿ ನೋಡೋಣ. ಗಂಟೆಗೆ 2 ಕಿಲೋಮೀಟರ್ ಎಂದರೆ ನಡಿಗೆಗಿಂತಲೂ ನಿಧಾನ. ಆ ವೇಗದಲ್ಲಿಯೂ ಟ್ರ್ಯಾಕ್ಟರ್ ಒಂದು ಸೆಕೆಂಡಿಗೆ ಸುಮಾರು 55 ಸೆಂಟಿಮೀಟರ್ ಚಲಿಸುತ್ತದೆ. ಹುಕ್ಕಿಗೂ ಟ್ರೇಲರ್‌ನ ಬಳೆಗೂ ನಡುವೆ ಉಳಿದಿರುವ ಅಂತರ ಅರ್ಧ ಮೀಟರ್ ಎಂದಾದರೆ, ಅದು ಮುಚ್ಚಿಹೋಗಲು ಒಂದು ಸೆಕೆಂಡ್ ಸಾಕು. ಕೂಗು ಕಿವಿಗೆ ಬಿದ್ದು, ಅದು ಅರ್ಥವಾಗಿ, ಕಾಲು ಕ್ಲಚ್ಚನ್ನೂ ಬ್ರೇಕನ್ನೂ ಒತ್ತುವುದಕ್ಕೆ ನುರಿತ ಚಾಲಕನಿಗೂ ಹೆಚ್ಚುಕಡಿಮೆ ಅಷ್ಟೇ ಕಾಲ ಹಿಡಿಯುತ್ತದೆ. ಕೆಸರಿನ ಚಪ್ಪಲಿ ಕ್ಲಚ್ಚಿನ ಮೇಲಿಂದ ಜಾರಿದರಂತೂ ಆ ಅವಕಾಶವೂ ಇಲ್ಲ. ಆದ್ದರಿಂದ ಮೊದಲ ನಿಯಮ ಇದು: ಎಂಜಿನ್ ಓಡುತ್ತಿರುವಾಗ ಟ್ರ್ಯಾಕ್ಟರಿಗೂ ಟ್ರೇಲರಿಗೂ ನಡುವೆ ಮಗುವಾಗಲಿ, ದೊಡ್ಡವರಾಗಲಿ, ಯಾರೂ ಇರಕೂಡದು.

ಗಾಡಿಯ ಮೂಕಿ, ಟ್ರೇಲರ್‌ನ ಮೂಕಿ

ಎತ್ತಿನ ಗಾಡಿ ಹೂಡಿದ ಹಿರಿಯರಿಗೆ ಟ್ರೇಲರ್‌ನ ಸ್ವಭಾವವನ್ನು ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಗಾಡಿಯಲ್ಲಿ ಭಾರ ಮುಂದೆ ಬಿದ್ದರೆ ಎತ್ತಿನ ಹೆಗಲು ಸೋಲುತ್ತದೆ. ಹಿಂದೆ ಬಿದ್ದರೆ ಮೂಕಿ ಮೇಲೇಳುತ್ತದೆ. ಎರಡು ಚಕ್ರದ ಟ್ರೇಲರ್ ಕೂಡ ಇದೇ ಬಗೆಯ ತಕ್ಕಡಿ. ಅದರ ಮುಂದೆ ಚಾಚಿಕೊಂಡಿರುವ ಕಬ್ಬಿಣದ ಭಾಗವನ್ನು ಗಾಡಿಯ ಮಾತಿನಲ್ಲಿಯೇ ಮೂಕಿ ಎಂದು ಕರೆಯೋಣ. ಮೂಕಿಯ ತುದಿಯಲ್ಲಿ ಒಂದು ಬಳೆ ಇರುತ್ತದೆ. ಆ ಬಳೆ ಟ್ರ್ಯಾಕ್ಟರಿನ ಹಿಂದಿನ ಹುಕ್ಕಿನ ಎರಡು ತುಟಿಗಳ ನಡುವೆ ಕುಳಿತಾಗ ಮೇಲಿನಿಂದ ಪಿನ್ನನ್ನು ಇಳಿಸುತ್ತೇವೆ.

ಎಂಟು, ಒಂಬತ್ತನೆಯ ತರಗತಿಯ ಮಕ್ಕಳೂ ಮಾಡಬಲ್ಲ ಒಂದು ಲೆಕ್ಕವನ್ನು ನೋಡಿ. ಬಳೆಯಿಂದ ಅಚ್ಚಿನವರೆಗಿನ ದೂರ 3 ಮೀಟರ್, ಟ್ರೇಲರ್‌ನಲ್ಲಿರುವ ಸರಕು 3,000 ಕಿಲೋ ಎಂದಿಟ್ಟುಕೊಳ್ಳೋಣ. ಆ ಸರಕಿನ ಭಾರಕೇಂದ್ರ ಅಚ್ಚಿಗಿಂತ ಕೇವಲ 30 ಸೆಂಟಿಮೀಟರ್ ಮುಂದಿದ್ದರೂ, ಸನ್ನೆಯ ನಿಯಮದಂತೆ, ಸರಕಿನಿಂದಲೇ ಮೂಕಿಯ ತುದಿಯ ಮೇಲೆ ಬೀಳುವ ಭಾರ 300 ಕಿಲೋ. ಇಷ್ಟು ಭಾರವನ್ನು "ಸ್ವಲ್ಪ ಎತ್ತಿ ಹಿಡಿ" ಎಂದು ಒಬ್ಬ ಹುಡುಗನಿಗೆ ಹೇಳುವುದು ಎಂಥ ಅವಿವೇಕವೆಂಬುದು ಈ ಲೆಕ್ಕದಿಂದ ತಿಳಿಯುತ್ತದೆ. ಮೂಕಿಯನ್ನು ಎತ್ತುವ ಕೆಲಸ ಜಾಕಿಯದು, ಕೈಯದಲ್ಲ. ಹಾಗೆಯೇ ಸರಕು ಅಚ್ಚಿನ ಹಿಂದೆ ಹೆಚ್ಚಾಗಿದ್ದರೆ, ಪಿನ್ನು ತೆಗೆದ ಕ್ಷಣದಲ್ಲಿ ಮೂಕಿ ಮೇಲಕ್ಕೆ ಚಿಮ್ಮುತ್ತದೆ. ಬಾಗಿ ನಿಂತವರ ಗಲ್ಲಕ್ಕೋ ಎದೆಗೋ ಬಡಿಯುತ್ತದೆ.

ಕಳಚುವಾಗಲೇ ಜೋಡಣೆಯ ಸಿದ್ಧತೆ

ಒಬ್ಬರೇ ಸುಲಭವಾಗಿ ಜೋಡಿಸಬೇಕೆಂದರೆ ಸಿದ್ಧತೆಯು ಹಿಂದಿನ ಸಲ ಕಳಚುವಾಗಲೇ ಆಗಿರಬೇಕು. ಎಲ್ಲ ಉಪಾಯಗಳಲ್ಲಿ ಇದೇ ಮೇಲಾದದ್ದು.

ಮೊದಲನೆಯದಾಗಿ, ಟ್ರೇಲರನ್ನು ಸಮತಟ್ಟಾದ, ಗಟ್ಟಿ ನೆಲದ ಮೇಲೆ ನಿಲ್ಲಿಸಬೇಕು. ಅಂಚೆಟ್ಟಿ, ಡೆಂಕಣಿಕೋಟೆಯ ಕಡೆಯ ಇಳಿಜಾರು ಹೊಲಗಳಲ್ಲಿ ಇದಕ್ಕೆ ಜಾಗ ಸಿಗುವುದು ಕಷ್ಟ. ಹಾಗಿದ್ದರೆ ಕಳಚುವ ಕೆಲಸವನ್ನು ಮನೆಯಂಗಳಕ್ಕೋ ಕಣಕ್ಕೋ ಬಿಡುವುದು ಲೇಸು. ಟ್ರೇಲರ್‌ನ ತೊಟ್ಟಿ ಎತ್ತಿದ ಸ್ಥಿತಿಯಲ್ಲಿದ್ದರೆ ಪೂರ್ತಿ ಇಳಿಸಬೇಕು. ಎರಡೂ ಚಕ್ರಗಳಿಗೆ ಮುಂದೆಯೂ ಹಿಂದೆಯೂ ಮರದ ಅಡ್ಡತುಂಡುಗಳನ್ನು ಒತ್ತಿ ಇಡಬೇಕು. ಉರುಟು ಕಲ್ಲು ಜಾರುತ್ತದೆ. ಒಂದು ಬದಿ ಇಳಿಜಾರಾಗಿ ಕೆತ್ತಿದ ಮರದ ತುಂಡು ಜಾರುವುದಿಲ್ಲ.

ಎರಡನೆಯದಾಗಿ, ಟ್ರ್ಯಾಕ್ಟರಿನ ಹ್ಯಾಂಡ್ ಬ್ರೇಕ್ ಹಾಕಿ ಎಂಜಿನ್ ನಿಲ್ಲಿಸಿ, ಮೂಕಿಯ ಕೆಳಗೆ ಜಾಕಿಯನ್ನೋ ಸ್ಟ್ಯಾಂಡನ್ನೋ ಕೊಟ್ಟು ಭಾರವನ್ನು ಅದಕ್ಕೆ ವರ್ಗಾಯಿಸಬೇಕು. ಮಳೆಗಾಲದಲ್ಲಿ ಜಾಕಿಯ ಕಾಲು ಮಣ್ಣಿನಲ್ಲಿ ಹೂತುಹೋಗದಂತೆ ಕೆಳಗೊಂದು ಅಗಲವಾದ ಹಲಗೆ ಇರಲಿ. ಭಾರವೆಲ್ಲ ಜಾಕಿಗೆ ಬಂದಾಗ ಪಿನ್ನು ಕೈಬೆರಳಿನಲ್ಲೇ ಸಡಿಲವಾಗಿ ಮೇಲೆ ಬರುತ್ತದೆ. ಬಿಗಿಯಾಗಿದ್ದರೆ ಭಾರ ಇನ್ನೂ ಹುಕ್ಕಿನ ಮೇಲಿದೆ ಅಥವಾ ಟ್ರ್ಯಾಕ್ಟರ್ ಟ್ರೇಲರನ್ನು ಎಳೆದು ನಿಂತಿದೆ ಎಂದು ತಿಳಿಯಬೇಕು. ಸುತ್ತಿಗೆಯಿಂದ ಬಡಿಯುವ ಬದಲು ಆ ಕಾರಣವನ್ನು ನಿವಾರಿಸಬೇಕು.

ಮೂರನೆಯದಾಗಿ, ಪಿನ್ನು ತೆಗೆಯುವುದಕ್ಕೆ ಮೊದಲು, ಟ್ರ್ಯಾಕ್ಟರಿನ ಎರಡೂ ಹಿಂಚಕ್ರಗಳ ಹೊರಬದಿಯಲ್ಲಿ ನೆಲದ ಮೇಲೆ ಸುಣ್ಣದ ಗೆರೆ ಎಳೆಯಬೇಕು. ಚಕ್ರದ ನಡುವಿಗೆ ನೇರವಾಗಿ ಆ ಗೆರೆಗೆ ಅಡ್ಡಲಾಗಿ ಇನ್ನೊಂದು ಗೆರೆ ಇರಲಿ. ಸುಣ್ಣ ಮಳೆಗೆ ಅಳಿಯುವುದರಿಂದ, ಟ್ರೇಲರ್ ಸದಾ ಒಂದೇ ಕಡೆ ನಿಲ್ಲುವುದಾದರೆ ಅಲ್ಲಿ ಎರಡು ಇಟ್ಟಿಗೆಗಳನ್ನು ನೆಲಮಟ್ಟಕ್ಕೆ ಹುಗಿದಿಡಬಹುದು. ಅನಂತರ ದೀಪದ ವೈರು, ಹೈಡ್ರಾಲಿಕ್ ಪೈಪುಗಳನ್ನು ಬಿಡಿಸಿ, ಪಿನ್ನು ತೆಗೆದು, ಸ್ಟೇರಿಂಗನ್ನು ಅಲುಗಿಸದೆ ಐದಾರು ಮೀಟರ್ ನೇರವಾಗಿ ಮುಂದೆ ಹೋಗಬೇಕು. ಮುಂದಿನ ಸಲ ಹಿಂಚಕ್ರಗಳು ಅದೇ ಗೆರೆಗಳಿಗೆ ಬಂದು ನಿಂತರೆ ಹುಕ್ಕು ಬಳೆಯ ಬಳಿಗೆ ಬಂದೇ ಬರುತ್ತದೆ. "ಇನ್ನೂ ಬಾ, ಇನ್ನೂ ಬಾ" ಎನ್ನಲು ಯಾರೂ ಬೇಕಾಗುವುದಿಲ್ಲ.

ಎರಡು ಕೋಲುಗಳ ಉಪಾಯ

ಗುರುತಿಲ್ಲದ ಜಾಗದಲ್ಲಿ ಟ್ರೇಲರ್ ನಿಂತಿದ್ದರೆ ಕೋಲುಗಳು ನೆರವಾಗುತ್ತವೆ. ಆಳೆತ್ತರದ ಎರಡು ತೆಳುವಾದ ಬಿದಿರು ಕಡ್ಡಿಗಳ ತುದಿಗೆ ಬಣ್ಣದ ಬಟ್ಟೆ ಕಟ್ಟಿ, ಒಂದನ್ನು ಮೂಕಿಯ ಬಳೆಯ ಬಳಿ, ಇನ್ನೊಂದನ್ನು ಟ್ರ್ಯಾಕ್ಟರಿನ ಹುಕ್ಕಿನ ಬಳಿ, ಹಳೆಯ ಟ್ಯೂಬಿನ ರಬ್ಬರ್ ಪಟ್ಟಿಯಿಂದ ನೆಟ್ಟಗೆ ಬಿಗಿಯಬೇಕು. ಟ್ರ್ಯಾಕ್ಟರನ್ನು ಟ್ರೇಲರ್‌ನ ನೇರಕ್ಕೆ, ಅದರ ಎರಡರಷ್ಟು ಉದ್ದದ ದೂರದಲ್ಲಿ ನಿಲ್ಲಿಸಿ, ಆಸನದ ನಡುವಿನಲ್ಲಿ ಕುಳಿತು ಹಿಂದಿರುಗಿ ನೋಡಿದಾಗ ಎರಡು ಕೋಲುಗಳೂ ಒಂದಾಗಿ ಕಂಡರೆ ದಾರಿ ಸರಿಯಾಗಿದೆ. ಬಳೆಯ ಕೋಲು ಬಾವಿಯ ಕಡೆಗೆ ಸರಿದಂತೆ ಕಂಡರೆ ಸ್ಟೇರಿಂಗನ್ನೂ ಬಾವಿಯ ಕಡೆಗೇ ತುಸು ತಿರುಗಿಸಬೇಕು. ಟ್ರೇಲರ್ ಇನ್ನೂ ಜೋಡಣೆಯಾಗಿಲ್ಲದ್ದರಿಂದ ಇಲ್ಲಿ ತಿರುವುಮುರುವಿನ ಗೊಂದಲವಿಲ್ಲ. ದೂರವಿರುವಾಗಲೇ ನೇರ ಮಾಡಿಕೊಳ್ಳಬೇಕು. ಕೊನೆಯ ಒಂದು ಮೀಟರಿನಲ್ಲಿ ಸ್ಟೇರಿಂಗ್ ತಿರುಗಿಸಿ ಸರಿಪಡಿಸುವ ಯತ್ನ ಫಲಿಸುವುದಿಲ್ಲ. ತಪ್ಪಿತೆಂದು ಕಂಡರೆ ಮುಂದಕ್ಕೆ ಹೋಗಿ ಮತ್ತೆ ಬರುವುದೇ ಹತ್ತಿರದ ದಾರಿ.

ಹೊರಡುವ ಮುನ್ನ ಟ್ರ್ಯಾಕ್ಟರಿನಲ್ಲಿ ನಾಲ್ಕು ಸಂಗತಿಗಳನ್ನು ನೋಡಿಕೊಳ್ಳಬೇಕು. ಎಡಬಲ ಚಕ್ರಗಳ ಬ್ರೇಕ್ ಪೆಡಲುಗಳನ್ನು ಒಂದಕ್ಕೊಂದು ಕೊಂಡಿ ಹಾಕಿರಬೇಕು. ಇಲ್ಲವಾದರೆ ಒಂದೇ ಚಕ್ರ ಹಿಡಿದು ಟ್ರ್ಯಾಕ್ಟರ್ ಫಕ್ಕನೆ ತಿರುಗುತ್ತದೆ. ನೇಗಿಲು ಕಟ್ಟುವ ಎರಡು ಕೆಳತೋಳುಗಳನ್ನು ಮೂಕಿಗೆ ತಾಗದಂತೆ ಮೇಲಕ್ಕೆತ್ತಿ ಕಟ್ಟಿರಬೇಕು. ತಿರುಗುವ ಶಾಫ್ಟ್ ಚಾಲನೆಯಲ್ಲಿರಬಾರದು. ಗೇರು ಅತಿ ಕೆಳಗಿನ ರಿವರ್ಸ್ ಆಗಿದ್ದು, ಕೈ ಆಕ್ಸಿಲರೇಟರ್ ಕನಿಷ್ಠದಲ್ಲಿರಬೇಕು. ಇವೆಲ್ಲಕ್ಕೂ ಮೊದಲು ಟ್ರ್ಯಾಕ್ಟರನ್ನೂ ಟ್ರೇಲರನ್ನೂ ಒಂದು ಸುತ್ತು ಹಾಕಿ ಬರಬೇಕು. ಟ್ರೇಲರ್‌ನ ನೆರಳಿನಲ್ಲಿ ಮಕ್ಕಳು ಆಡುವುದೂ ಕರು ಮಲಗುವುದೂ ಹಳ್ಳಿಯ ಮನೆಗಳಲ್ಲಿ ನಿತ್ಯದ ಮಾತು.

ಪಿನ್ನು ಹಾಕುವ ಕ್ರಮ

ಹುಕ್ಕು ಬಳೆಗಿಂತ ಒಂದು ಗೇಣು ಈಚೆಗಿರುವಾಗ ಟ್ರ್ಯಾಕ್ಟರನ್ನು ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಎಂಜಿನ್ ಆರಿಸಿ, ಕೆಳಗಿಳಿದು ನೋಡಬೇಕು. ಇಳಿದು ನೋಡುವುದು ಚಾಲಕನ ಕೌಶಲಕ್ಕೆ ಕುಂದಲ್ಲ. ಬಳೆಯ ಎತ್ತರ ಹುಕ್ಕಿನ ಎರಡು ತುಟಿಗಳ ನಡುವಿಗೆ ಸಮವಾಗಿದೆಯೇ ಎಂದು ನೋಡಿ, ಇಲ್ಲದಿದ್ದರೆ ಜಾಕಿಯಿಂದ ಏರಿಸಬೇಕು ಅಥವಾ ಇಳಿಸಬೇಕು. ಬಳಿಕ ಮತ್ತೆ ಹತ್ತಿ, ಕ್ಲಚ್ಚನ್ನು ನಿಧಾನವಾಗಿ ಬಿಡುತ್ತ ಆ ಒಂದು ಗೇಣನ್ನು ಕ್ರಮಿಸಬೇಕು.

ಬಳೆ ಒಳಗೆ ಸೇರಿದಾಗ ಮಾಡಬೇಕಾದುದು ಇಷ್ಟು: ಗೇರು ನ್ಯೂಟ್ರಲ್, ಹ್ಯಾಂಡ್ ಬ್ರೇಕ್ ಬಿಗಿ, ಎಂಜಿನ್ ಬಂದ್, ಕೀಲಿಕೈ ಜೇಬಿಗೆ. ಕೀಲಿಕೈ ಜೇಬಿನಲ್ಲಿರುವಾಗ ಮಾತ್ರ ಕೈ ಪಿನ್ನಿನ ಬಳಿಗೆ ಹೋಗಬೇಕು. ರಂಧ್ರಗಳು ಕೂದಲೆಳೆಯಷ್ಟು ತಪ್ಪಿದ್ದರೆ ಬೆರಳು ತೂರಿಸಿ ನೋಡಬಾರದು. ಬದಿಯಲ್ಲಿ ನಿಂತು ಹಾರೆಯಿಂದ ಬಳೆಯನ್ನು ಸರಿಸಬೇಕು. ಪಿನ್ನು ಆ ಹುಕ್ಕಿಗೆಂದೇ ಮಾಡಿದ ಅಳತೆಯದಾಗಿರಬೇಕು. ಕಬ್ಬಿಣದ ಸರಳಿನ ತುಂಡು, ಹಳೆಯ ಬೋಲ್ಟು, ಮಡಚಿದ ತಂತಿ ಇವು ಪಿನ್ನಿಗೂ ಅದರ ಬೀಗಕ್ಕೂ ಬದಲಿಯಾಗಲಾರವು. ಗುಂಡಿಬಿದ್ದ ರಸ್ತೆಯಲ್ಲಿ ಜಿಗಿದ ಪಿನ್ನು ತುಂಬಿದ ಟ್ರೇಲರನ್ನು ಎದುರಿಗೆ ಬರುವವರ ಮೇಲೆ ಬಿಟ್ಟುಬಿಡುತ್ತದೆ. ಪಿನ್ನಿಗೆ ಬೀಗದ ಕ್ಲಿಪ್ಪು, ಅದರ ಜೊತೆಗೆ ಒಂದು ರಕ್ಷಣಾ ಸರಪಳಿ ಇರಲಿ.

ಅನಂತರ, ಚಕ್ರದ ಅಡ್ಡತುಂಡುಗಳು ಇದ್ದ ಹಾಗೆಯೇ, ಟ್ರ್ಯಾಕ್ಟರನ್ನು ಒಂದಿಷ್ಟು ಮುಂದಕ್ಕೆ ಎಳೆದು ನೋಡಬೇಕು. ಹಿಡಿತ ಸರಿಯಿದ್ದರೆ ಮತ್ತೆ ಬ್ರೇಕ್ ಹಾಕಿ, ಎಂಜಿನ್ ನಿಲ್ಲಿಸಿ, ಇಳಿದು ಜಾಕಿಯನ್ನು ಮೇಲಕ್ಕೆತ್ತಿ, ವೈರು, ಪೈಪುಗಳನ್ನು ಜೋಡಿಸಿ, ಕಟ್ಟಕಡೆಗೆ ಅಡ್ಡತುಂಡುಗಳನ್ನು ತೆಗೆಯಬೇಕು. ಈ ಅನುಕ್ರಮ ಬದಲಾಗಬಾರದು. ಇನ್ನೊಂದು ಎಚ್ಚರಿಕೆ: ಟ್ರೇಲರನ್ನು ಅದಕ್ಕೆಂದೇ ಇರುವ ಕೆಳಗಿನ ಹುಕ್ಕಿಗಲ್ಲದೆ ಮೇಲಿನ ಯಾವ ಭಾಗಕ್ಕೂ ಕಟ್ಟಿ ಎಳೆಯಬಾರದು. ಎಳೆತ ಹಿಂದಿನ ಅಚ್ಚಿಗಿಂತ ಎತ್ತರದಲ್ಲಿದ್ದರೆ ಟ್ರ್ಯಾಕ್ಟರಿನ ಮುಂಭಾಗ ಮೇಲೆದ್ದು ಚಾಲಕನ ಮೇಲೆ ಮಗುಚುವ ಸಂಭವವಿದೆ.

ಒಬ್ಬನೇ ರೈತ ಆಸನದಿಂದ ಇಳಿಯದೆ ಟ್ರೇಲರ್ ಜೋಡಿಸಬೇಕೆಂಬ ಆಲೋಚನೆ ಹಳೆಯದೇ. ಹ್ಯಾರಿ ಫರ್ಗ್ಯುಸನ್ ಅವರ ಟ್ರ್ಯಾಕ್ಟರುಗಳು 1946ರಲ್ಲಿ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ತಯಾರಾಗತೊಡಗಿದವು. ಅವುಗಳಿಗೆ ಒದಗಿಸಿದ ಟ್ರೇಲರ್‌ಗಳ ಬಳೆಯನ್ನು ಹೈಡ್ರಾಲಿಕ್ ಬಲದಿಂದ ಏರಿಳಿಯುವ ಕೊಕ್ಕೆಯೊಂದು ತಾನಾಗಿ ಎತ್ತಿಕೊಳ್ಳುತ್ತಿತ್ತು. ಅದೇ ಫರ್ಗ್ಯುಸನ್ ಪರಂಪರೆಯ ಟ್ರ್ಯಾಕ್ಟರುಗಳನ್ನು ತಯಾರಿಸಲು 1960ರಲ್ಲಿ ಚೆನ್ನೈಯಲ್ಲಿ ಟಾಫೆ ಸಂಸ್ಥೆ ಸ್ಥಾಪನೆಯಾಯಿತು. ಟ್ರ್ಯಾಕ್ಟರ್ ನಮ್ಮ ಊರುಗಳಿಗೆ ಬಂದಿತು. ಆ ಕೊಕ್ಕೆ ನಮ್ಮಲ್ಲಿ ರೂಢಿಯಾಗಲಿಲ್ಲ. ಅದರ ಕೆಲಸವನ್ನು ನಾವು ಮಕ್ಕಳ ಕೈಯಲ್ಲಿ ಮಾಡಿಸುವುದು ಸಲ್ಲದು. ಹೊಸ ಹುಕ್ಕು ಕೊಳ್ಳುವವರು ಬಾಯಿ ಅಗಲವಾಗಿ ಗಂಟೆಯಂತೆ ತೆರೆದಿರುವ ಮಾದರಿಯನ್ನು ಕೇಳಿ ಪಡೆದರೆ, ಬಳೆ ತುಸು ತಪ್ಪಿ ಬಂದರೂ ತಾನಾಗಿ ನಡುವಿಗೆ ಜಾರುತ್ತದೆ.

ಜೋಡಿಸಿದ ಮೇಲೆ ಹಿಂದಕ್ಕೆ ನಡೆಸುವುದು

ಟ್ರೇಲರ್ ಸೇರಿದ ಮೇಲೆ ಸ್ಟೇರಿಂಗ್ ತಿರುವುಮುರುವಾಗುತ್ತದೆ. ಟ್ರ್ಯಾಕ್ಟರಿನ ಹಿಂಭಾಗ ಬಲಕ್ಕೆ ಸರಿದರೆ ಮೂಕಿಯೂ ಬಲಕ್ಕೆ ಸರಿಯುತ್ತದೆ. ಟ್ರೇಲರ್ ತನ್ನ ಅಚ್ಚಿನ ಮೇಲೆ ತಿರುಗಿ ಅದರ ಬಾಲ ಎಡಕ್ಕೆ ಹೋಗುತ್ತದೆ. ಇದನ್ನು ನೆನಪಿಡಲು ಒಂದು ಸರಳೋಪಾಯವಿದೆ. ಕೈಯನ್ನು ಸ್ಟೇರಿಂಗ್ ಚಕ್ರದ ತಳಭಾಗದಲ್ಲಿ ಹಿಡಿಯಿರಿ. ಕೈ ಯಾವ ಕಡೆಗೆ ಹೋಗುತ್ತದೋ ಟ್ರೇಲರ್‌ನ ಬಾಲವೂ ಆ ಕಡೆಗೇ ಹೋಗುತ್ತದೆ. ಎಡ, ಬಲ ಎಂದು ಎಣಿಸುವ ಬದಲು "ಬಾವಿಯ ಕಡೆ", "ಬೇಲಿಯ ಕಡೆ" ಎಂದು ಎಣಿಸಿದರೆ, ಕತ್ತು ಹಿಂದಕ್ಕೆ ತಿರುಗಿಸಿದಾಗಲೂ ಗೊಂದಲವಾಗದು.

ನೇರವಾಗಿ ಹಿಂದೆ ಹೋಗಬೇಕಾದರೆ, ಟ್ರೇಲರ್ ಯಾವ ಬದಿಯಲ್ಲಿ ಹೆಚ್ಚು ಕಾಣಿಸತೊಡಗುತ್ತದೋ ಆ ಬದಿಗೇ ಸ್ಟೇರಿಂಗನ್ನು ತುಸು ತಿರುಗಿಸಬೇಕು. ಅದು ಮರಳಿ ನೇರಕ್ಕೆ ಬರುತ್ತದೆ. ತಿರುಗಿಸಬೇಕಾದಾಗ ಮೊದಲು ಬಾಲವನ್ನು ಬೇಕಾದ ಕಡೆಗೆ ಒಯ್ದು, ಅದು ತಿರುಗಲು ಆರಂಭಿಸಿದೊಡನೆ ಸ್ಟೇರಿಂಗನ್ನು ಎದುರು ದಿಕ್ಕಿಗೆ ತಂದು, ಟ್ರ್ಯಾಕ್ಟರ್ ಟ್ರೇಲರನ್ನು ಹಿಂಬಾಲಿಸುವಂತೆ ಮಾಡಬೇಕು. ಮೂಕಿ ಗಿಡ್ಡವಾದಷ್ಟೂ ಟ್ರೇಲರ್ ಬೇಗ ತಿರುಗುತ್ತದೆ. ಆದ್ದರಿಂದ ಸಣ್ಣ ಸಣ್ಣ ತಿದ್ದುಪಡಿಗಳೇ ಮೇಲು. ಟ್ರ್ಯಾಕ್ಟರಿಗೂ ಟ್ರೇಲರಿಗೂ ನಡುವಿನ ಕೋನ ತೀರ ಮಡಚಿಕೊಂಡರೆ ಹಿಂದಕ್ಕೆ ಒತ್ತಿ ಅದನ್ನು ಬಿಡಿಸಲಾಗದು. ಚಕ್ರವು ಮೂಕಿಗೆ ತಾಗಿ ಟೈರೂ ಕಬ್ಬಿಣವೂ ಹಾಳಾಗುವ ಮೊದಲೇ ಮುಂದಕ್ಕೆ ಎಳೆದು ನೇರಗೊಳಿಸಬೇಕು. ಕೊಯ್ಲಾದ ರಾಗಿಹೊಲದಲ್ಲಿ ನಾಲ್ಕು ಗೂಟ ನೆಟ್ಟು, ಖಾಲಿ ಟ್ರೇಲರ್‌ನೊಂದಿಗೆ ಕೆಲವು ಸಂಜೆ ಅಭ್ಯಾಸ ಮಾಡಿದರೆ ಕೈ ಕುದುರುತ್ತದೆ.

ನಾಲ್ಕು ಚಕ್ರದ ಟ್ರೇಲರ್‌ನ ಮಾತು ಬೇರೆ. ಅದರ ಮುಂದಿನ ಅಚ್ಚೂ ತಿರುಗುವುದರಿಂದ ಮಡಚಿಕೊಳ್ಳುವ ಜಾಗಗಳು ಎರಡು. ಅದನ್ನು ಹಿಂದಕ್ಕೆ ನಡೆಸುವುದು ನುರಿತವರಿಗೂ ಕಷ್ಟ. ಹಿಂದೆ ಸರಿಯುವ ಪ್ರಸಂಗವೇ ಬಾರದಂತೆ ಒಂದು ದಾರಿಯಿಂದ ಒಳಬಂದು ಇನ್ನೊಂದು ದಾರಿಯಿಂದ ಹೊರಹೋಗುವ ಜಾಗವನ್ನು ಆರಿಸಿಕೊಳ್ಳುವುದೇ ಜಾಣತನ.

"ರೈಟ್" ಎಂಬ ಮಾತಿನ ಅಪಾಯ

ಮಾರುಕಟ್ಟೆಯಂಥ ಇಕ್ಕಟ್ಟಿನಲ್ಲಿ ಒಬ್ಬರು ದಾರಿ ತೋರಿಸಲೇಬೇಕಾದ ಸಂದರ್ಭ ಬರಬಹುದು. ಅವರು ವಯಸ್ಕರಾಗಿರಬೇಕು, ಟ್ರೇಲರ್‌ನ ಹಿಂದೆ ಅಲ್ಲ, ಚಾಲಕನಿಗೆ ಪೂರ್ತಿಯಾಗಿ ಕಾಣುವಂತೆ ಬದಿಯಲ್ಲಿ, ದೂರದಲ್ಲಿ ನಿಲ್ಲಬೇಕು. ಅವರು ಕಣ್ಣಿಗೆ ಮರೆಯಾದ ಕ್ಷಣವೇ ಚಾಲಕ ನಿಲ್ಲಿಸಬೇಕು.

ನಮ್ಮ ಸೀಮೆಯಲ್ಲಿ ಒಂದೇ ಟ್ರೇಲರ್‌ನ ಸುತ್ತ ಕನ್ನಡ, ತಮಿಳು, ತೆಲುಗು, ಉರ್ದು ನಾಲ್ಕೂ ಕೇಳಿಬರುತ್ತವೆ. ನಾಲ್ಕೂ ನುಡಿಯವರು ಬಳಸುವ ಸಮಾನ ಪದ "ರೈಟ್". ಬಸ್ಸಿನ ಕಂಡಕ್ಟರ್ "ರೈಟ್" ಎಂದರೆ ಹೊರಡು ಎಂದರ್ಥ. ಹಿಂದೆ ನಿಂತವನು "ರೈಟ್" ಎಂದರೆ ಬಲಕ್ಕೆ ತಿರುಗಿಸು ಎಂದೂ ಆಗಬಹುದು, ಸರಿಯಿದೆ ಬಾ ಎಂದೂ ಆಗಬಹುದು. ಬಲ ಎಂದರೂ ಯಾರ ಬಲ? ಎಂಜಿನ್ನಿನ ಸದ್ದಿನಲ್ಲಿ ಇಂಥ ಎರಡರ್ಥದ ಮಾತಿಗೆ ಜೀವ ಒಪ್ಪಿಸಲಾಗದು. ಆದ್ದರಿಂದ ಮಾತು ಬೇಡ, ಕೈಸನ್ನೆ ಸಾಕು. ಎರಡೂ ಕೈ ಮೇಲಕ್ಕೆತ್ತಿದರೆ ನಿಲ್ಲು. ಕೈ ಚಾಚಿದ ಕಡೆಗೆ ಬಾಲ ಹೋಗಲಿ. ಎರಡು ಅಂಗೈಗಳ ನಡುವಿನ ಅಂತರ ಎಂದರೆ ಉಳಿದಿರುವ ದೂರ. ಕೆಲಸಕ್ಕೆ ಮೊದಲೇ ಇಬ್ಬರೂ ಈ ಸನ್ನೆಗಳನ್ನು ಒಪ್ಪಿಕೊಂಡಿರಬೇಕು.

ಮಕ್ಕಳಿಗೆ ಏನು ಕೊಡಬೇಕು?

ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಬಾಲಕಾರ್ಮಿಕ ನಿಷೇಧ ಕಾಯ್ದೆಯ 2016ರ ತಿದ್ದುಪಡಿಯು, 14 ವರ್ಷದೊಳಗಿನ ಮಕ್ಕಳು ಶಾಲಾ ಸಮಯದ ನಂತರ ಅಥವಾ ರಜೆಯಲ್ಲಿ ಮನೆಯ ಕಸುಬಿಗೆ ನೆರವಾಗಲು ಅವಕಾಶ ಕೊಟ್ಟಿದೆಯಾದರೂ, ಆ ಅವಕಾಶ ಅಪಾಯಕಾರಿ ಕಸುಬುಗಳಿಗೆ ಅನ್ವಯಿಸುವುದಿಲ್ಲ. 18 ತುಂಬದವರು ಸಾರ್ವಜನಿಕ ರಸ್ತೆಯಲ್ಲಿ ಟ್ರ್ಯಾಕ್ಟರ್ ನಡೆಸುವಂತಿಲ್ಲ; ನಡೆಸಿ ಅಪರಾಧವಾದರೆ ಪೋಷಕರೂ ವಾಹನದ ಮಾಲೀಕರೂ ಹೊಣೆಗಾರರೆಂದು ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಬಂದ ತಿದ್ದುಪಡಿ ಹೇಳುತ್ತದೆ.

ಆದರೆ ಮಕ್ಕಳನ್ನು ಟ್ರ್ಯಾಕ್ಟರಿನಿಂದ ದೂರವಿಡುವುದೆಂದರೆ ಅದರ ಅರಿವಿನಿಂದಲೂ ದೂರವಿಡುವುದಲ್ಲ. ಎರಡು ಬೆಂಕಿಪೊಟ್ಟಣಗಳಲ್ಲಿ ಒಂದಕ್ಕೆ ಕಡ್ಡಿಯೊಂದನ್ನು ಮೂಕಿಯಂತೆ ಅಂಟಿಸಿ, ಅದರ ತುದಿಯನ್ನು ಇನ್ನೊಂದಕ್ಕೆ ಗುಂಡುಸೂಜಿಯಿಂದ ಸಡಿಲವಾಗಿ ಚುಚ್ಚಿ, ಮೇಜಿನ ಮೇಲೆ ಹಿಂದಕ್ಕೆ ತಳ್ಳಿ ನೋಡಲು ಹೇಳಿ. ಬಾಲ ಏಕೆ ಎದುರು ದಿಕ್ಕಿಗೆ ತಿರುಗುತ್ತದೆಂಬುದನ್ನು ಅವರು ತಾವಾಗಿಯೇ ಕಂಡುಕೊಳ್ಳುತ್ತಾರೆ. ಮೂಕಿಯ ಭಾರದ ಲೆಕ್ಕವನ್ನು ಅವರ ಕೈಯಲ್ಲೇ ಮಾಡಿಸಿ; ಪಾಠಪುಸ್ತಕದ ಸನ್ನೆಯ ನಿಯಮ ಮನೆಯಂಗಳದಲ್ಲೇ ನಿಂತಿದೆ ಎಂದು ತಿಳಿದ ಮಗುವಿಗೆ ವಿಜ್ಞಾನ ಪರಕೀಯವೆನಿಸುವುದಿಲ್ಲ, ತನ್ನ ನುಡಿಯಲ್ಲಿ ಕಲಿತ ವಿಜ್ಞಾನ ಕಡಿಮೆಯದೆಂದೂ ಅನಿಸುವುದಿಲ್ಲ. ಕಳಚುವ, ಜೋಡಿಸುವ ಕ್ರಮವನ್ನು ಮಗಳೋ ಮಗನೋ ದುಂಡಾದ ಕನ್ನಡ ಅಕ್ಷರಗಳಲ್ಲಿ ರಟ್ಟಿನ ಮೇಲೆ ಬರೆಯಲಿ; ಅದನ್ನು ಟ್ರ್ಯಾಕ್ಟರ್ ನಿಲ್ಲಿಸುವ ಕೊಟ್ಟಿಗೆಯ ಗೋಡೆಗೆ ತೂಗುಹಾಕಿ. ಜೋಡಣೆಯ ಕೆಲಸದಲ್ಲಿ ಮಕ್ಕಳಿಂದ ನಾವು ಪಡೆಯಬಹುದಾದ ಸಹಾಯ ಇಷ್ಟೇ.